ಹಿತ್ತಲಿನ ಗ್ರೀಕ್ ಮಗ್ಗ

ಬನಹಟ್ಟಿಯ ನಮ್ಮ ಓಣಿಯಲ್ಲಿ ಮಗ್ಗವಿಲ್ಲದ ಮನೆ ನಮ್ಮದೊಂದೇ. ನನ್ನ ತಂದೆ ಅಂಚೆ ಕಚೇರಿಯಲ್ಲಿದ್ದರು. ಉಳಿದ ಮನೆಗಳಲ್ಲಿ ಬೆಳಗಾದರೆ ಸಾಕು, ಲಾಳಿ ಓಡುವ ಸದ್ದು. ಎದುರುಮನೆಯ ವಿಠೋಬಾ ಕಾಕಾ ಹೆಸರುವಾಸಿ ನೇಕಾರ. ಸೀರೆಯ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ ಇದು ವಿಠೋಬಾನ ಕೈ ಎಂದು ಅಂಗಡಿಯವರು ಹೇಳುತ್ತಿದ್ದರು. ಅವರ ಮಗಳು ಬನಶಂಕರಿ ನನ್ನ ಓರಗೆಯವಳು.

ಬನಶಂಕರಿಗೆ ಕೂಸಿದ್ದಾಗಲೇ ಜ್ವರ ಬಂದು ಎಡಗಾಲು ಸೋತಿತ್ತು. ಕೋಲು ಹಿಡಿದು ನಡೆಯುತ್ತಿದ್ದಳು, ಜೋರಾಗಿಯೇ ನಡೆಯುತ್ತಿದ್ದಳು. ಆದರೆ ಆ ಕಾಲಲ್ಲಿ ಒತ್ತುವ ಬಲ ಇರಲಿಲ್ಲ. ಅವರ ಮನೆಯ ಕುಣಿ ಮಗ್ಗದಲ್ಲಿ ನೇಕಾರ ನೆಲದ ತಗ್ಗಿನೊಳಗೆ ಕಾಲು ಇಳಿಬಿಟ್ಟು ಕೂರಬೇಕು. ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿದರೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಬಾಯಿ ತೆರೆಯುತ್ತವೆ, ಆ ಬಾಯೊಳಗೆ ಲಾಳಿ ಹಾಯುತ್ತದೆ. ಹತ್ತು ವರ್ಷದವಳಿದ್ದಾಗ ಒಂದು ಮಧ್ಯಾಹ್ನ, ತಂದೆ ಊಟಕ್ಕೆ ಎದ್ದು ಹೋದ ಹೊತ್ತು ನೋಡಿ, ಅವಳು ತಗ್ಗಿಗೆ ಇಳಿದಳಂತೆ. ಬಲಗಾಲು ತುಳಿಯಿತು. ಎಡಗಾಲಿನ ಮಂಡಿಯನ್ನು ಕೈಯಿಂದ ಅದುಮಿದಳು. ಲಾಳಿ ಸಿಕ್ಕಿಕೊಂಡು ಒಂದಿಷ್ಟು ಎಳೆ ಹರಿದವು. ವಿಠೋಬಾ ಕಾಕಾ ಬೈಯಲಿಲ್ಲ. ಕಂಕುಳಿಗೆ ಕೈ ಹಾಕಿ ಎತ್ತಿ ಹೊರಗೆ ಕೂರಿಸಿದರು.

"ಇದು ಎರಡು ಕಾಲಿಂದು ಕೆಲಸ, ತಂಗಿ. ನೀ ಕಂಡಿಕಿ ಸುತ್ತು" ಎಂದರು.

ಅಂದಿನಿಂದ ಅವಳು ಪಡಸಾಲೆಯಲ್ಲಿ ಕೂತು, ಲಾಳಿಯೊಳಗೆ ಇಡುವ ಕಂಡಿಕೆಗಳಿಗೆ ರಾಟಿಯಿಂದ ನೂಲು ಸುತ್ತಿದಳು. ಅಣ್ಣ ಮಹಾಲಿಂಗಪ್ಪ ಮಗ್ಗಕ್ಕೆ ಕೂತ. "ಇಷ್ಟು ನೂಲು ಸುತ್ತತೀನಿ, ಒಂದು ಗೇಣು ಅರಿವಿ ನನ್ನ ಕೈಯಾಗ ಹುಟ್ಟಲಿಲ್ಲ ನೋಡು" ಎಂದು ಬನಶಂಕರಿ ಒಮ್ಮೆ ನನ್ನ ಮುಂದೆ ಅಂದದ್ದು ನೆನಪಿದೆ. ಅತ್ತುಕೊಂಡು ಹೇಳಿದ ಮಾತಲ್ಲ. ಲೆಕ್ಕ ತಪ್ಪಿದ್ದನ್ನು ಮಾಸ್ತರರಿಗೆ ತೋರಿಸುವವರ ದನಿ ಅದು.

ಮಗ್ಗಕ್ಕಂತೂ ಆಗುವುದಿಲ್ಲ, ಕಲಿತರೆ ಯಾವುದಾದರೂ ಶಾಲೆಯಲ್ಲಿ ಕೂತು ಪಾಠ ಹೇಳಬಹುದು ಎಂದು ಮನೆಯವರು ಅವಳನ್ನು ಓದಿಸಿದರು. ಹೀಗೆ ೧೯೭೧ರಲ್ಲಿ ನಾವಿಬ್ಬರೂ ಜಮಖಂಡಿಯ ಕಾಲೇಜಿಗೆ ಸೇರಿದೆವು. ದಿನಾ ಒಂದೇ ಬಸ್ಸು, ಒಂದೇ ಬೆಂಚು.

ನಮಗೆ ಇತಿಹಾಸ ಹೇಳುತ್ತಿದ್ದವರು ಗಲಗಲಿ ಸರ್. ಗ್ರೀಕರ ಪಾಠ ಬಂದ ದಿನ ಅವರು ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು.

"ರಾಜರ ಸುದ್ದಿ, ಯುದ್ಧದ ಸುದ್ದಿ ಇದರಾಗ ಐತಿ, ಮನ್ಯಾಗ ಓದ್ಕೋರಿ. ಇವತ್ತ ನಾವು ಒಂದು ಓಣಿಗೆ ಹೋಗೂಣು" ಎಂದು ಕರಿಹಲಗೆಯ ಮೇಲೆ ಮನೆಗಳನ್ನು ಬರೆಯತೊಡಗಿದರು.

ಊರಿನ ಹೆಸರು ಒಲಿಂಥಸ್. ಎರಡು ಸಾವಿರದ ಮುನ್ನೂರು ವರ್ಷಕ್ಕೂ ಹಿಂದೆ ಫಿಲಿಪ್ ಎಂಬ ದೊರೆ ಅದನ್ನು ಗೆದ್ದು ಸುಟ್ಟು, ಸೆರೆ ಸಿಕ್ಕ ಜನರನ್ನು ಗುಲಾಮರಾಗಿ ಮಾರಿಬಿಟ್ಟ. ಆಮೇಲೆ ಆ ಊರು ಮೊದಲಿನಂತೆ ಏಳಲೇ ಇಲ್ಲ. ನಮ್ಮ ಕಾಲದಲ್ಲಿ ಅಗೆದು ನೋಡಿದವರಿಗೆ ಮನೆಗಳ ಸಾಲೇ ಸಿಕ್ಕಿತು. ಬುಡಕ್ಕೆ ಕಲ್ಲು, ಮೇಲೆ ಹಸಿ ಇಟ್ಟಿಗೆಯ ಗೋಡೆ. ಒಂದು ಮನೆಯ ಗೋಡೆಗೆ ಇನ್ನೊಂದು ಮನೆ ಅಂಟಿಕೊಂಡಿದೆ. ಎರಡು ಸಾಲುಗಳ ಬೆನ್ನಿನ ನಡುವೆ ನೀರು ಹರಿಯಲು ಸಣ್ಣ ಸಂದಿ. ಒಳಗೆ ಅಂಗಳ, ಅಂಗಳಕ್ಕೆ ಮುಖ ಮಾಡಿದ ಪಡಸಾಲೆ. ಚಳಿಗಾಲದ ಬಿಸಿಲು ಒಳಗೆ ಬೀಳಲಿ ಎಂದು ಪಡಸಾಲೆ ದಕ್ಷಿಣಕ್ಕೆ ತೆರೆದಿರುತ್ತಿತ್ತು. ಒಲೆಯ ಬೂದಿ ಸಿಕ್ಕಿತು, ಬೀಸುವ ಕಲ್ಲು ಸಿಕ್ಕಿತು, ಕೂತು ಮೈ ತೊಳೆಯುವ ಮಣ್ಣಿನ ತೊಟ್ಟಿ ಸಿಕ್ಕಿತು.

"ಮತ್ತ ನೆಲದ ಮ್ಯಾಲ ಮಣ್ಣಿನ ಗುಂಡು" ಎಂದು ಸರ್ ಮುಷ್ಟಿ ಮಾಡಿ ತೋರಿಸಿದರು. "ಇಷ್ಟಿಷ್ಟು. ಎಲ್ಲಾಕ್ಕೂ ತೂತು. ಒಂದ ಕಡೆ ಗುಂಪಾಗಿ ಬಿದ್ದಿದ್ವು. ಯಾತಕ್ಕಿರಬೇಕು?"

ಬಾಗಿಲಿಗೆ, ಬಲೆಗೆ, ಎತ್ತಿನ ಕೊರಳಿಗೆ ಎಂದು ಹುಡುಗರು ಏನೇನೋ ಹೇಳಿದರು. ಸರ್ ನಗುತ್ತ ಎರಡು ಕಂಬ ಬರೆದರು, ಮೇಲೆ ಅಡ್ಡ ಒಂದು ತೊಲೆ. ತೊಲೆಯಿಂದ ಎಳೆಗಳನ್ನು ಇಳಿಬಿಟ್ಟು, ಕೆಳಗೆ ಗುಂಡು ಕಟ್ಟಿದರು. "ಮಗ್ಗ. ಮನಿಮನಿಯಾಗ ಹೆಣ್ಮಕ್ಕಳು ನೇಯ್ತಿದ್ರು. ಕಟ್ಟಿಗಿ ಸುಟ್ಟುಹೋತು, ನೂಲು ಸುಟ್ಟುಹೋತು, ಮಣ್ಣು ಉಳೀತು."

ಬನಶಂಕರಿ ಕೋಲು ಊರಿ ಎದ್ದು ನಿಂತಳು. "ಸರ್, ಈ ಮಗ್ಗಕ್ಕ ತುಳಿಯೂ ಹಲಗಿ ಎಲ್ಲದಾವ್ರಿ?"

"ಇಲ್ಲವಾ. ಎಳಿ ಕಟ್ಟಿದ ಒಂದು ಕೋಲು ಇರತಿತ್ತು. ಅದನ್ನ ಕೈಲೇ ಮುಂದ ಎಳದ್ರ ಬಾಯಿ ತೆರೀತಿತ್ತು. ಕಾಲಿಗೇನೂ ಕೆಲಸಿಲ್ಲ."

ಅವಳು ಕೂತಳು. ಸಂಜೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು ಬನಹಟ್ಟಿ ಹತ್ತಿರ ಬಂದಾಗ ನನ್ನ ಕಡೆ ತಿರುಗಿದಳು.

"ಶೇವಂತಿ, ನಾ ಅದನ್ನ ನಿಂದರಸ್ತೀನಿ" ಎಂದಳು.

"ಏನನ್ನ ಬೇ?"

"ಆ ಮಗ್ಗಾನ."

ಮರುದಿನ ಸರ್ ಹತ್ತಿರ ಹೋಗಿ ಚಿತ್ರ ನೋಡಿಕೊಂಡು ಬಂದೆವು. ಗ್ರೀಕರ ಒಂದು ಹೂಜಿಯ ಮೇಲೆ ಬಿಡಿಸಿದ್ದ ಮಗ್ಗ. ಅದರ ಮುಂದೆ ಹೆಂಗಸರು ನಿಂತು ನೇಯುತ್ತಿದ್ದರು. ನಿಂತು ಎಂಬುದು ಕಂಡ ಕೂಡಲೇ ನಾನು ಅವಳ ಕಾಲು ನೋಡಿದೆ. ಅವಳಿಗೆ ಅದು ತಿಳಿಯಿತು. "ನಿಂದರ್ತೀನಿ. ಆಗಲಿಲ್ಲಂದ್ರ ಕುಂದರ್ತೀನಿ. ತುಳಿಯೂದರೆ ಇಲ್ಲಲ್ಲ" ಎಂದಳು.

ಮನೆಯಲ್ಲಿ ಮಾತು ಎತ್ತಿದಾಗ ವಿಠೋಬಾ ಕಾಕಾ ಲಾಳಿ ನಿಲ್ಲಿಸಲಿಲ್ಲ. "ಹಾಳಬಿದ್ದ ಊರಿನ ಮಗ್ಗ ನಮಗ್ಯಾಕ? ನೇಕಾರನ ಹಿತ್ತಲದಾಗ ಕಲ್ಲು ಜೋತಬಿಟ್ರ ಮಂದಿ ನಗ್ತಾರ" ಎಂದಷ್ಟೇ ಅಂದರು. ತಾಯಿ ಭಾಗವ್ವ, "ಓದಾಕ ಕಳಿಸಿದ್ರ ಇದನ್ನ ಕಲತು ಬಂದಾಳ" ಎಂದು ಗೊಣಗಿದಳು. ಬೇಡ ಎಂದು ಮಾತ್ರ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಬನಶಂಕರಿಗೆ ಅಷ್ಟು ಸಾಕಾಯಿತು.

ಎರಡು ಜಾಲಿಯ ಕಂಬ ತಂದು ಹಿತ್ತಲಿನ ಗೋಡೆಗೆ ಒರಗಿಸಿದೆವು. ಮೇಲೆ ಒಂದು ಬಿದಿರಿನ ಗಳ. ಮನೆಯಲ್ಲಿ ಉಳಿದ ತುಂಡು ನೂಲುಗಳನ್ನು ಗಂಟು ಹಾಕಿ ಇಳಿಬಿಟ್ಟು, ತುದಿಗೆ ಕಲ್ಲು ಕಟ್ಟಿದಳು. ಮೊದಲ ದಿನವೇ ಗೊತ್ತಾಯಿತು, ಚಿತ್ರ ಬೇರೆ, ಮಗ್ಗ ಬೇರೆ. ಗಂಜಿ ಕುಡಿದ ಸಣ್ಣ ನೂಲು ಕಲ್ಲಿನ ಭಾರಕ್ಕೆ ಪಟಪಟ ಹರಿಯಿತು. ಹರಿಯದೆ ಉಳಿದ ಕಡೆ ಕಲ್ಲು ತನ್ನಷ್ಟಕ್ಕೆ ಗಿರಗಿರ ತಿರುಗಿ ನೂಲಿನ ಹುರಿಯೇ ಬಿಚ್ಚಿಹೋಯಿತು. ಒಂದು ಕಲ್ಲು ಭಾರ, ಒಂದು ಹಗುರ. ಹಾಸೆಲ್ಲ ಒಂದೇ ಮಗ್ಗುಲಿಗೆ ಎಳೆದು ಸೊಟ್ಟಗಾಯಿತು. ಪಕ್ಕದ ಮನೆಯ ಮುದಕವ್ವ ಗೋಡೆಯ ಮೇಲಿಂದ ಇಣುಕಿ, "ವಿಠೋಬಾನ ಮಗಳು ಕಲ್ಲಿಗೆ ಜೋಕಾಲಿ ಕಟ್ಯಾಳ ನೋಡಬರ್ರೇ" ಎಂದು ಕೂಗಿದಳು. ಓಣಿಯಲ್ಲಿ ಆ ಮಾತು ಬಹಳ ದಿನ ಓಡಾಡಿತು.

ಬನಶಂಕರಿ ನಕ್ಕವರ ಜೊತೆ ತಾನೂ ನಕ್ಕಳು. ಮರುದಿನ ನನ್ನನ್ನು ಕರೆದುಕೊಂಡು ರಬಕವಿಯ ಕುಂಬಾರ ಮಲಕಾಜಪ್ಪನ ಮನೆಗೆ ಹೋದಳು.

"ಕುಡಿಕಿ ಕೇಳ್ತಾರ, ಹಣತಿ ಕೇಳ್ತಾರ. ಇದನ್ಯಾರೂ ಕೇಳಿಲ್ಲ. ಯಾತಕ್ಕ ಬೇಕವಾ ಇದು?" ಎಂದ ಅವನು.

"ಎಳಿ ಜಗ್ಗಿ ಹಿಡಿಯಾಕ್ರಿ ಕಾಕಾ. ಎಲ್ಲಾ ಒಂದ ತೂಕ ಇರಬೇಕು."

"ದುಂಡಗ ಮಾಡ್ಲೋ?"

"ದುಂಡಗಿದ್ರ ತಿರಗತಾವ್ರಿ. ಬಿಲ್ಲಿ ಹಂಗ ಚಪ್ಪಟಿ ಮಾಡ್ರಿ. ಮ್ಯಾಲ ಎರಡು ತೂತು ಇರಲಿ. ಒಂದರಾಗ ನೂಲು ಕಟ್ಟತೀನಿ, ಇನ್ನೊಂದರಾಗ ಒಂದು ಹಗ್ಗಾ ಪೋಣಿಸಿ ಎಲ್ಲಾನೂ ಸಾಲಾಗಿ ಕೂಡಿಸ್ತೀನಿ. ಆಗ ಹೆಂಗ ತಿರಗತಾವ ನೋಡ್ತೀನಿ."

ಮಲಕಾಜಪ್ಪನಿಗೆ ಈ ಮಾತು ಹಿಡಿಸಿತು. ಹಸಿ ಮಣ್ಣನ್ನು ತಕ್ಕಡಿಯಲ್ಲಿ ತೂಗಿ ತೂಗಿ ಉಂಡೆ ಕಟ್ಟಿದ. ಬನಶಂಕರಿ ತಾನೂ ಕೂತು ತಟ್ಟಿದಳು. ಸುಡುವಾಗ ಕೆಲವು ಸಿಡಿದವು. ಅಷ್ಟಕ್ಕೇ ಮತ್ತೆ ಮಣ್ಣು ಕಲಸಿದರು. ಬಿಲ್ಲೆಗಳನ್ನು ಚೀಲದಲ್ಲಿ ತುಂಬಿ ಬಸ್ಸಿನಲ್ಲಿ ತಂದೆವು. ಕಂಡಕ್ಟರ್ ಚೀಲವನ್ನು ಕಾಲಿನಿಂದ ಸರಿಸಲು ಹೋಗಿ, ಅದು ಜಗ್ಗದೆ, "ಇದರಾಗೇನು ಊರ ಅಗಸಿ ಬಾಗಲಾ ಐತೇನ್ರಿ?" ಎಂದ.

ಈ ಸಲ ಗಂಜಿಯಿಲ್ಲದ ದಪ್ಪ ನೂಲು ಹಾಕಿದಳು. ಬಿಲ್ಲೆಗಳು ತಿರುಗಲಿಲ್ಲ. ಎಳೆ ಕಟ್ಟಿದ ಕೋಲನ್ನು ಮುಂದಕ್ಕೆ ಎಳೆದಾಗ ಹಾಸು ಬಾಯಿ ತೆರೆಯಿತು. ಅವಳು ಕೈಯಲ್ಲಿದ್ದ ಹೊಕ್ಕಿನ ಅಡ್ಡ ನೂಲಿನ ಉಂಡೆಯನ್ನು ಆ ಕಡೆಯಿಂದ ಈ ಕಡೆಗೆ ಹಾಯಿಸಿ, ಮರದ ಪಟ್ಟಿಯಿಂದ ಮೇಲಕ್ಕೆ ತಟ್ಟಿದಳು. ನಮ್ಮ ಮಗ್ಗದಲ್ಲಿ ಬಡಿಯುವುದು ತಮ್ಮ ಕಡೆಗೆ. ಇಲ್ಲಿ ಆಕಾಶದ ಕಡೆಗೆ. ಒಂದು ಸಾಲು ಆಯಿತು. ಎರಡಾಯಿತು. ಊರುಗೋಲು ಬಿಟ್ಟು, ಒಂದು ಕೈಯಲ್ಲಿ ಕಂಬ ಹಿಡಿದು ಒಂಟಿ ಕಾಲಿನ ಮೇಲೆ ನಿಂತಿದ್ದಳು. ನಾನು ಕುಡಿಯಲು ನೀರು ತರಲು ಒಳಗೆ ಹೋಗಿದ್ದೆ. ದಡಕ್ಕೆಂದು ಸದ್ದಾಯಿತು.

ಗೋಡೆಗೆ ಒರಗಿಸಿದ್ದ ಕಂಬ ಜಾರಿ, ಮಗ್ಗದೊಡನೆ ಅವಳೂ ಬಿದ್ದಿದ್ದಳು. ಬಲಗೈಯ ಮಣಿಕಟ್ಟು ಮುರಿದಿತ್ತು. ಜಮಖಂಡಿಯ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ದಿನ ಭಾಗವ್ವನ ಸಿಟ್ಟು ನೆತ್ತಿಗೇರಿತ್ತು. ಹಿತ್ತಲಿಗೆ ಹೋಗಿ ಕಂಬಗಳನ್ನು ಎಳೆದುಕೊಂಡು ಬಂದಳು.

"ಒಂದು ಕಾಲು ದೇವರು ಕಸಗೊಂಡ. ಈಗ ಕೈಯೂ ಕೊಟ್ಟು ಕುಂದ್ರತೀ ಏನು? ಇವನ್ನ ಇವತ್ತ ಒಲಿಗೆ ಹಾಕ್ತೀನಿ!"

ಬನಶಂಕರಿ ಹೊಸ್ತಿಲಲ್ಲಿ ನಿಂತು, "ಹಾಕು ಯವ್ವಾ. ಕೈ ಕೂಡಿದ ಮ್ಯಾಲ ಬ್ಯಾರೇ ಕಂಬ ತರ್ತೀನಿ" ಎಂದಳು. ದನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ. ಭಾಗವ್ವ ಕಂಬಗಳನ್ನು ಅಲ್ಲೇ ಕೆಡವಿ ಒಳಗೆ ಹೋದಳು. ಒಳಗಿಂದ ಪಾತ್ರೆಗಳು ಬಹಳ ಹೊತ್ತು ಸದ್ದು ಮಾಡಿದವು.

ಆ ಕಂಬಗಳು ಹಾಗೇ ಬಿದ್ದಿದ್ದವು. ನೂಲು ಬರುವುದು ತಡವಾಗಿ ವಿಠೋಬಾ ಕಾಕಾನ ಮಗ್ಗ ನಿಂತಿದ್ದ ಒಂದು ದಿನ, ಅವರು ಹಿತ್ತಲಿಗೆ ಬಂದು ಕುಕ್ಕರಗಾಲಿನಲ್ಲಿ ಕೂತು, ಹರಿದ ಹಾಸನ್ನೂ ಮಣ್ಣಿನ ಬಿಲ್ಲೆಗಳನ್ನೂ ಕೈಗೆತ್ತಿಕೊಂಡು ನೋಡಿದರು. ಅವಳು ನೇಯ್ದಿದ್ದ ನಾಲ್ಕು ಬೆರಳಿನಷ್ಟು ಬಟ್ಟೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಬಾಯಿ ಹೆಂಗ ತೆರೀತೈತಿ, ತೋರ್ಸು" ಎಂದರು.

ಅವಳು ಎಡಗೈಯಿಂದ ತೋರಿಸಿದಳು. ಅರ್ಧ ಎಳೆಗಳು ಒಂದು ಅಡ್ಡ ಕೋಲಿನ ಮುಂದೆ, ಅರ್ಧ ಹಿಂದೆ. ಹಿಂದಿನವನ್ನು ಕಟ್ಟಿದ ಇನ್ನೊಂದು ಕೋಲು. ಅವರು ತಲೆಯಾಡಿಸುತ್ತ ಕೇಳಿದರು. ಎದ್ದು ಹೋಗಿ ಹಾರೆ ತಂದರು.

"ಗ್ವಾಡಿಗೆ ಆನಿಸಿದ್ರ ನಿಂದರಂಗಿಲ್ಲ. ನೆಲದಾಗ ಹುಗೀಬೇಕು" ಎಂದು ಎರಡು ಕುಣಿ ತೋಡಿ, ಕಂಬ ನಿಲ್ಲಿಸಿ, ಸುತ್ತ ಕಲ್ಲು ತುಂಬಿ ಜಡಿದರು. ಮೇಲಿನ ಗಳ ತೆಗೆದು, ತಿರುಗಿಸಲು ಬರುವ ದುಂಡನೆಯ ತೊಲೆ ಕೂರಿಸಿದರು. "ನೀ ಮಣಿ ಮ್ಯಾಲ ಕುಂತ್ರ ಕೈ ಎಲ್ಲೀಮಟಾ ಬರತೈತಿ? ಹಾಂ, ಅಲ್ಲೇ ನೇಯಿ. ನೇದದ್ದನ್ನ ಮ್ಯಾಲ ಸುತ್ತಗೋತ ಹೋಗು. ನಿಂದ್ರೂದು ಬ್ಯಾಡ." ತೊಲೆಯನ್ನು ಒಮ್ಮೆ ತಿರುಗಿಸಿ ನೋಡಿ, "ನವಲಗುಂದದ ಕಡೆ ಜಮಖಾನಿ ನೇಯೂ ಹೆಣ್ಮಕ್ಕಳೂ ಹಿಂಗ ಕಂಬದ ಮಗ್ಗಕ್ಕ ಕುಂದರ್ತಾರಂತ" ಎಂದರು. ಕೈ ಝಾಡಿಸಿಕೊಂಡು ಒಳಗೆ ನಡೆದರು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅವಳು ಮಗ್ಗದ ಮುಂದೆ ಕೂತಳು. ಬೆಳಿಗ್ಗೆ ಕಾಲೇಜಿಗೆ ಹೋಗುವ ಮುಂಚೆ ಒಂದಿಷ್ಟು, ಬಂದ ಮೇಲೆ ದೀಪ ಹಚ್ಚುವತನಕ ಒಂದಿಷ್ಟು. ಮೇಲಕ್ಕೆ ತಟ್ಟಿ ತಟ್ಟಿ ಭುಜ ಬಾತುಕೊಳ್ಳುತ್ತಿತ್ತು. ಭಾಗವ್ವ ಬೈಯುತ್ತಲೇ ಬಿಸಿನೀರಿನ ಶಾಖ ಕೊಡುತ್ತಿದ್ದಳು. ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಹಾಸಿಗೆಯ ಅಗಲದ, ಕೆಂಪು ಕಪ್ಪು ಪಟ್ಟೆಯ ದಪ್ಪ ಬಟ್ಟೆ ತೊಲೆಯಿಂದ ಇಳಿಯಿತು.

ವಿಠೋಬಾ ಕಾಕಾ ಅದನ್ನು ಅಂಗಳದಲ್ಲಿ ಹಾಸಿಸಿದರು. ನಾವೆಲ್ಲ ಸುತ್ತ ನಿಂತಿದ್ದೆವು. "ಎರಡೂ ಕಡೆ ಅಂಚು ಒಳಗ ಜಗ್ಗೈತಿ. ನಡುವ ಸೊಂಟ ಬಂದೈತಿ" ಎಂದರು. ನನಗೆ ಕೆಟ್ಟದೆನಿಸಿತು. ಬನಶಂಕರಿಯನ್ನು ನೋಡಿದರೆ ಅವಳ ಮುಖ ಅರಳಿತ್ತು. ಅಣ್ಣನ ನೇಯ್ಗೆಯಲ್ಲಿ ತಪ್ಪು ಹಿಡಿಯುವಾಗ ತಂದೆ ಬಳಸುತ್ತಿದ್ದ ದನಿ ಅದೇ.

"ಎಷ್ಟು ಬಿಚ್ಚಲೆಪಾ?"

"ಅರ್ಧಾ ಬಿಚ್ಚು."

ಭಾಗವ್ವ ಹಣೆ ಬಡಿದುಕೊಂಡಳು. ಬನಶಂಕರಿ ಬಿಚ್ಚಿದಳು, ಮತ್ತೆ ಮಗ್ಗಕ್ಕೇರಿಸಿದಳು, ಮತ್ತೆ ನೇಯ್ದಳು. ಬೇಸಿಗೆಯಲ್ಲಿ ಅದು ಎರಡನೆಯ ಸಲ ಇಳಿದಾಗ ಕಾಕಾ ಅಂಚಿನುದ್ದಕ್ಕೂ ಹೆಬ್ಬೆರಳು ಆಡಿಸಿ, ತಾವೇ ಮಡಿಚಿ ಒಳಗಿಟ್ಟರು. ಬೀಗರು ಬಂದ ದಿನ ಕಂಬಳಿ ತೆಗೆದಿಟ್ಟು ಅದನ್ನೇ ಹಾಸಿದವಳು ಭಾಗವ್ವ.

ಗಲಗಲಿ ಸರ್‌ಗೆ ಸುದ್ದಿ ಮುಟ್ಟಿ, ಒಂದು ಭಾನುವಾರ ಬಸ್ಸು ಹಿಡಿದು ಬಂದರು. ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಹುಡುಗನಂತೆ ತಾವೂ ಮಣೆಯ ಮೇಲೆ ಕೂತು, ಅವಳು ಹೊಸದಾಗಿ ಏರಿಸಿದ್ದ ಹಾಸಿನಲ್ಲಿ ಒಂದು ಸಾಲು ಹಾಯಿಸಿ ನೋಡಿದರು. ಎಳೆ ತಪ್ಪಿತು, ಎಲ್ಲರೂ ನಕ್ಕರು, ಸರ್ ಎಲ್ಲರಿಗಿಂತ ಜಾಸ್ತಿ ನಕ್ಕರು. ಚಹಾ ಕುಡಿಯುವಾಗ ಬನಶಂಕರಿ ಕೇಳಿದಳು:

"ಸರ್, ಗುಂಡು ಸಿಕ್ಕವಲ್ಲ, ಆ ಮನಿ ಹೆಣ್ಮಗಳು ಏನಾದ್ಲರಿ?"

"ಗೊತ್ತಿಲ್ಲವಾ. ಆಕಿ ಹೆಸರು ಯಾರೂ ಬರದಿಟ್ಟಿಲ್ಲ. ಓಡಿಹೋದ್ಲೋ, ಸೆರೆ ಹಿಡದು ಮಾರಿದ್ರೋ."

"ಗುಂಡು ಮಗ್ಗದ ಬುಡಕ್ಕ ಬಿದ್ದಾವಂದ್ರ ಹಾಸು ಕಟ್ಟಿದ್ದ ಇತ್ತು. ಅರಿವಿ ಅರ್ಧಕ್ಕ ಬಿಟ್ಟು ಹೋಗ್ಯಾಳ್ರಿ ಆಕಿ."

ಸರ್ ಬಟ್ಟಲು ಕೆಳಗಿಟ್ಟರು. ಬನಶಂಕರಿ ಮಣೆಯನ್ನು ಮಗ್ಗದ ಕಡೆ ಎಳೆದುಕೊಂಡು, ಸರ್ ತಪ್ಪಿಸಿದ ಎಳೆಯನ್ನು ಸರಿಮಾಡಿ, ಆ ಸಾಲನ್ನು ಪೂರ್ತಿ ಮಾಡಿದಳು.

ಅವಳು ಬಿ.ಎ. ಮುಗಿಸಿದಳು, ಬಿ.ಎಡ್. ಮಾಡಿದಳು, ತೇರದಾಳದ ಒಂದು ಹೈಸ್ಕೂಲಿನಲ್ಲಿ ಇತಿಹಾಸದ ಶಿಕ್ಷಕಿಯಾದಳು. ನಾನು ಮದುವೆಯಾಗಿ ಮುಧೋಳಕ್ಕೆ ಬಂದೆ. ಅವಳಿಗೂ ಒಂದೆರಡು ಕಡೆಯಿಂದ ಕೇಳಿಕೊಂಡು ಬಂದರು. ಆ ಕಂಬದ ಮಗ್ಗವನ್ನು ಮಾತ್ರ ತರಬಾರದು ಎಂದರಂತೆ. ಅವಳು ಒಲ್ಲೆ ಎಂದಳು. ಆ ಬಗ್ಗೆ ಕೊರಗಿದ್ದನ್ನು ನಾನು ಕಂಡಿಲ್ಲ.

ತೇರದಾಳದ ಶಾಲೆಯ ಪಡಸಾಲೆಯಲ್ಲೂ ಅಂಥದೇ ಸಣ್ಣ ಮಗ್ಗ ನಿಲ್ಲಿಸಿದಳು. ಗ್ರೀಕರ ಪಾಠ ಬಂದಾಗ ಮಕ್ಕಳು ಮಣ್ಣಿನ ಬಿಲ್ಲೆ ತಟ್ಟಿ, ಒಣಗಿಸಿ, ಕಟ್ಟಿ, ಒಂದೊಂದು ಸಾಲು ನೇಯಬೇಕು. ಒಲಿಂಥಸ್ಸಿನ ಮನೆಯ ನಕ್ಷೆಯನ್ನು ಮೈದಾನದಲ್ಲಿ ಸುಣ್ಣದಿಂದ ಬರೆದು, ಇದು ಒಲೆ, ಇದು ಸ್ನಾನದ ಕೋಣೆ, ಇದು ಅಂಗಳ ಎಂದು ಅದರೊಳಗೇ ಅವರನ್ನು ಅಡ್ಡಾಡಿಸುತ್ತಿದ್ದಳು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರಿಗೆ ಇದು ಸರಿಬರಲಿಲ್ಲ.

"ಅಕ್ಕೋರ, ಇದು ಇತಿಹಾಸದ ತಾಸೋ, ಕಸಬಿನ ತಾಸೋ?"

"ಇತಿಹಾಸದ್ದರಿ ಸರ್. ಪರೀಕ್ಷಾದಾಗ ನಮ್ಮ ಹುಡುಗ್ರು ಹಿಂದ ಬಿದ್ರ ಹೇಳ್ರಿ, ಆವತ್ತ ನಾನಽ ಕಿತ್ತ ಒಗೀತೀನಿ."

ಮಕ್ಕಳು ಹಿಂದೆ ಬೀಳಲಿಲ್ಲ. ಅವಳೂ ಕೀಳಲಿಲ್ಲ.

ಎಂಬತ್ತರ ದಶಕದಲ್ಲಿ ಬನಹಟ್ಟಿಯ ಓಣಿಗಳ ಸದ್ದೇ ಬದಲಾಯಿತು. ಮಹಾಲಿಂಗಪ್ಪ ಪಾವರ್‌ಲೂಮ್ ಹಾಕಿಸಿದ. ಜಾಗ ಸಾಲದೆ ಕುಣಿ ಮಗ್ಗದ ತಗ್ಗಿಗೆ ಮಣ್ಣು ತುಂಬಿಸಿದರು. ಅಷ್ಟರಲ್ಲಿ ವಿಠೋಬಾ ಕಾಕಾನ ಮಂಡಿಗಳೂ ಹಿಡಿದುಕೊಂಡಿದ್ದವು. ಯಂತ್ರದ ಮುಂದೆ ಅವರಿಗೆ ಮಾಡುವುದು ಏನೂ ಇರಲಿಲ್ಲ. ಸುಮ್ಮನೆ ಬಾಗಿಲಲ್ಲಿ ಕೂರುತ್ತಿದ್ದರು, ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಆಡುತ್ತಿದ್ದವು. ಒಂದು ಭಾನುವಾರ ಬನಶಂಕರಿ ರಾಟಿಯನ್ನು ಹಿತ್ತಲಿಗೆ ತಂದು, ಅವರನ್ನೂ ಅಲ್ಲಿಗೆ ಕರೆದು ಮುಂದಿಟ್ಟಳು.

"ಅಪ್ಪಾ, ನೂಲು ಸುತ್ತಿಕೊಡ್ತೀಯೇನು? ನನಗ ಎರಡೂ ಕೆಲಸ ಆಗವಲ್ದು."

ಅವರು ರಾಟಿಯನ್ನು ನೋಡಿದರು, ಮಗಳನ್ನು ನೋಡಿದರು. "ಯಾವ ಬಣ್ಣದ್ದು ಮೊದಲ?" ಎಂದು ಕೇಳಿ ಹತ್ತಿರ ಸರಿದರು. ತೀರಿಕೊಳ್ಳುವತನಕ ಭಾನುವಾರಗಳಲ್ಲಿ ಇಬ್ಬರೂ ಹಿತ್ತಲಿನಲ್ಲೇ ಇರುತ್ತಿದ್ದರು. ಕೆಂಪಿನ ಪಕ್ಕ ಹಳದಿ ಬರಬೇಕೋ ಬಿಳಿ ಬರಬೇಕೋ ಎಂದು ಅವರಿಬ್ಬರೂ ಜಗಳಾಡುವುದನ್ನು ನಾನು ಒಮ್ಮೆ ಹೋದಾಗ ಕೇಳಿದ್ದೇನೆ. ಗೆದ್ದವಳು ಬನಶಂಕರಿ.

೧೯೯೩ರಲ್ಲಿ ಅವಳಿಗೆ ಬಡ್ತಿಯಾಗಿ ಮುಧೋಳಕ್ಕೆ ವರ್ಗವಾಯಿತು. ಮನೆ ಹುಡುಕಲು ನಾನೇ ಜೊತೆಗಿದ್ದೆ. ಮೊದಲ ಮನೆ ಚೆಂದವಿತ್ತು, ಗಚ್ಚಿನ ನೆಲ, ಹಿತ್ತಲಿಲ್ಲ. ಇನ್ನೊಂದಕ್ಕೆ ಹಿತ್ತಲಿತ್ತು, ಮಾಲೀಕರು ನೆಲ ಅಗೆಯಲು ಒಪ್ಪಲಿಲ್ಲ. ಬಿಸಿಲೇರಿತ್ತು. ನನ್ನ ಕಾಲೇ ಸೋತು, "ಈಗರೆ ಆ ಮಗ್ಗಾ ಬಿಟ್ಟಬಿಡು ಬೇ. ನಲವತ್ತಕ್ಕ ಬಂದ್ವಿ" ಎಂದೆ.

"ನಲವತ್ತಕ್ಕ ಇನ್ನೂ ಬಂದಿಲ್ಲ. ನಡಿ, ಆ ಕಡೆ ಓಣಿ ನೋಡೂಣು" ಎಂದು ಕೋಲು ಊರಿ ಮುಂದೆ ನಡೆದಳು.

ಕೆಂಪವ್ವ ಎಂಬ ಮುದುಕಿಯ ಮನೆ ಸಿಕ್ಕಿತು. ಹಂಚಿನ ಮಾಡು, ಒಡೆದ ಬಚ್ಚಲು, ಹಿಂದುಗಡೆ ಬೇವಿನ ಮರದ ನೆರಳಲ್ಲಿ ಬರಿ ಮಣ್ಣಿನ ಅಂಗಳ. ಬನಶಂಕರಿ ಒಳಗಿನ ಕೋಣೆಗಳನ್ನು ನೋಡಲೇ ಇಲ್ಲ. ನೇರ ಹಿಂದಕ್ಕೆ ಹೋಗಿ ಕೋಲಿನ ತುದಿಯಿಂದ ನೆಲ ಕುಟ್ಟಿ ನೋಡಿದಳು.

"ಇಲ್ಲೆ ಎರಡು ಕುಣಿ ತೋಡಾಕ ಅಡ್ಡಿ ಇಲ್ಲಲ್ರಿ ಅಮ್ಮಾ?"

"ಯಾತಕ್ಕ ತಾಯಿ?"

"ಮಗ್ಗಕ್ಕ್ರಿ. ನಾ ನೇಯ್ತೀನಿ."

"ನೇಯವಾ, ನಂದೇನು ಹೋಗೂದೈತಿ" ಎಂದಳು ಕೆಂಪವ್ವ. ಬನಶಂಕರಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಕಡೆ ತಿರುಗಿ, ನಿಮ್ಮ ಮನೆಯಲ್ಲಿ ಹಾರೆ ಇದೆಯೇ ಎಂದು ಕೇಳಿದಳು.